ಕಾಗುಣಿತದ ಆಟ ಒಂದೊಂದು ಮಗುವಿಗೂ ತಕ್ಕಂತೆ ಬದಲಾಗಬೇಕು: ಲೆಕ್ಕಾಚಾರ ಯಾವುದಿರಲಿ?

ಟ್ಯಾಬ್‌ಗಾರ:
1ರಿಂದ 3ನೇ ತರಗತಿವರೆಗಿನ ಮಕ್ಕಳಿಗೆ ಅಕ್ಷರ, ಕಾಗುಣಿತ ಕಲಿಸುವ ಆಟದ ವಿನ್ಯಾಸ ನಡೀತಿದೆ. ಇರುವ ಕಟ್ಟುಪಾಡು ಇಷ್ಟು: 2 ಜಿಬಿ ರ‍್ಯಾಮ್‌ನ ಆಂಡ್ರಾಯ್ಡ್ ಟ್ಯಾಬ್, ಶಾಲೆಯಲ್ಲಿ ಇಂಟರ್ನೆಟ್ ಇಲ್ಲ, ಒಂದು ಟ್ಯಾಬ್‌ಗೆ 4–5 ಮಕ್ಕಳು, ಒಬ್ಬೊಬ್ಬರಿಗೆ ದಿನಕ್ಕೆ 12ರಿಂದ 15 ನಿಮಿಷ. ಎಂಜಿನ್ (ಆಟ ಕಟ್ಟೋ ತಂತ್ರಾಂಶ) ಇನ್ನೂ ತೀರ್ಮಾನ ಆಗಿಲ್ಲ. ಯೂನಿಟಿ ಅಥವಾ ಗೊಡೋ. ಆಟ ಹೀಗಿದೆ: ಒಂದು ಅಕ್ಷರದ ದನಿ ಕೇಳಿಸುತ್ತೆ, ತೆರೆಯ ಮೇಲೆ ನಾಲ್ಕು ಅಕ್ಷರ ಬರುತ್ತೆ, ಸರಿಯಾದ್ದನ್ನ ಮುಟ್ಟಬೇಕು. ಕಲಿತ ಮಗುವಿಗೆ ಬೇಸರ ಆಗಬಾರದು, ಹಿಂದುಳಿದ ಮಗು ಕೈಚೆಲ್ಲಬಾರದು. ಇದಕ್ಕೆ ಯಾವ ಆಲ್ಗಾರಿದಮ್ ಸರಿ? ಮಗುವಿನ ಉತ್ತರಗಳಿಂದ ಅದಕ್ಕೆ ಏನೇನು ಗೊತ್ತು ಅಂತ ನ್ಯೂರಲ್ ಜಾಲದಿಂದ ಅಂದಾಜಿಸೋ ಡೀಪ್ ನಾಲೆಜ್ ಟ್ರೇಸಿಂಗ್ ಹಾಕಿ ಅಂತ ಒಬ್ಬರು ಸಲಹೆ ಕೊಟ್ಟಿದ್ದಾರೆ.

ಸಂಖ್ಯಾಗಣಿ:
ಅದನ್ನ ಈಗಲೇ ಕೈಬಿಡಿ. ಡೀಪ್ ನಾಲೆಜ್ ಟ್ರೇಸಿಂಗ್ 2015ರಲ್ಲಿ ಸ್ಟ್ಯಾನ್‌ಫರ್ಡ್‌ನಿಂದ ಬಂತು. ತರಬೇತಿಗೆ ಸಾವಿರಾರು ಮಕ್ಕಳ ಉತ್ತರಗಳ ದಾಖಲೆ ಬೇಕು. ನಿಮ್ಮ ಹತ್ರ ಮೊದಲ ದಿನ ಒಂದು ಸಾಲೂ ಇರಲ್ಲ. ಜೊತೆಗೆ, ಹಳೇ ಬೇಸಿಯನ್ (ಸಾಧ್ಯತೆಯ ಲೆಕ್ಕದ) ಮಾದರಿಗೆ ನಾಲ್ಕಾರು ತಿದ್ದುಪಡಿ ಮಾಡಿದರೆ ಅದೂ ಇದಕ್ಕೆ ಸಮಕ್ಕೆ ನಿಲ್ಲುತ್ತೆ ಅಂತ 2016ರಲ್ಲೇ ತೋರಿಸಿದ್ದಾರೆ.

ಮೊದಲ ಆವೃತ್ತಿಗೆ ಮೆಟ್ಟಿಲು ನಿಯಮ ಸಾಕು. ಸತತ ಮೂರು ಸರಿಯಾದರೆ ಒಂದು ಮೆಟ್ಟಿಲು ಮೇಲೆ, ಒಂದು ತಪ್ಪಾದರೆ ಒಂದು ಮೆಟ್ಟಿಲು ಕೆಳಗೆ. ಇದು ತಾನಾಗಿಯೇ ನೂರಕ್ಕೆ 79.4 ಸರಿಯುತ್ತರದ ಹತ್ತಿರ ಬಂದು ನಿಲ್ಲುತ್ತೆ. ಕಾರಣ ಸರಳ: ಮೇಲೆ ಹೋಗೋ ಸಾಧ್ಯತೆ, ಕೆಳಗೆ ಬರೋ ಸಾಧ್ಯತೆ ಎರಡೂ ಅರ್ಧರ್ಧ ಆಗೋ ಕಡೆ ಅದು ತೂಗಾಡುತ್ತೆ, ಮೂರು ಸಲ ಗುಣಿಸಿದಾಗ 0.5 ಬರೋ ಸಂಖ್ಯೆ 0.794. ಮೂರರ ಬದಲು ಎರಡು ಸರಿ ಸಾಕು ಅಂದರೆ 70.7ಕ್ಕೆ ನಿಲ್ಲುತ್ತೆ, ಆರು ವರ್ಷದ ಮಗುವಿಗೆ ಅದು ಕಷ್ಟವೇ. ಕಣ್ಣು, ಕಿವಿಯ ಪರೀಕ್ಷೆಗಳಲ್ಲಿ 1970ರ ದಶಕದಿಂದ ಬಳಕೆಯಲ್ಲಿರೋ ವಿಧಾನ ಇದು. ಕೋಡ್ ಇಪ್ಪತ್ತು ಸಾಲು ದಾಟಲ್ಲ.

ಎಣಿಕೆಮನೆ:
ಸಂಖ್ಯಾಗಣಿಯವರು ಹೇಳಿದ ಮೆಟ್ಟಿಲು ಒಂದೇ ಸಾಲಿನಲ್ಲಿರೋ ವಿಷಯಕ್ಕೆ ಸರಿ. ಕಾಗುಣಿತ ಒಂದೇ ಸಾಲಲ್ಲ. ‘ಮೀ’ ಗೊತ್ತಿರೋ ಮಗುವಿಗೆ ‘ಠೂ’ ಗೊತ್ತಿಲ್ಲದೇ ಇರಬಹುದು, ಅದರ ಪಕ್ಕದ ಮಗುವಿಗೆ ಪೂರಾ ಉಲ್ಟಾ ಇರಬಹುದು. ಇವೆರಡರಲ್ಲಿ ಯಾವುದು ಮೇಲಿನ ಮೆಟ್ಟಿಲು?

ನಾನಾದರೆ ಚೆಸ್‌ನ ಈಲೋ ರೇಟಿಂಗ್, ಅಂದರೆ ಪಂದ್ಯದ ಫಲಿತಾಂಶದಿಂದ ಆಟಗಾರರ ಬಲ ಅಳೆಯೋ ಅಂಕಿ, ತರ್ತೀನಿ. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ‘ರೇಕನ್‌ಟೌನ್’ ಅನ್ನೋ ಗಣಿತದ ಆಟ ನಡೆಯೋದೇ ಇದರ ಮೇಲೆ. ಮಗುವಿನ ಸಾಮರ್ಥ್ಯಕ್ಕೊಂದು ಅಂಕಿ, ಪ್ರಶ್ನೆಯ ಕಠಿಣತೆಗೊಂದು ಅಂಕಿ. ಪ್ರತಿ ಪ್ರಶ್ನೆಯೂ ಮಗುವಿಗೂ ಪ್ರಶ್ನೆಗೂ ನಡೆದ ಪಂದ್ಯ ಅಂತ ಲೆಕ್ಕ.

ನಾಲ್ಕು ಆಯ್ಕೆ ಇದ್ದರೆ ಸರಿಯಾಗೋ ನಿರೀಕ್ಷೆ = 0.25 + 0.75 × ಲಾಜಿಸ್ಟಿಕ್(ಸಾಮರ್ಥ್ಯ − ಕಠಿಣತೆ). ಲಾಜಿಸ್ಟಿಕ್ ಅಂದರೆ ಯಾವ ಸಂಖ್ಯೆಯನ್ನೂ 0, 1ರ ನಡುವಿನದಾಗಿ ಬದಲಿಸೋ ಸೂತ್ರ. ವ್ಯತ್ಯಾಸ 0 ಆದರೆ ಲಾಜಿಸ್ಟಿಕ್ 0.5, 1 ಆದರೆ 0.73, 2 ಆದರೆ 0.88. ಉತ್ತರ ಬಂದ ಮೇಲೆ, ಹೊಸ ಸಾಮರ್ಥ್ಯ = ಹಳೇದು + ತೂಕ × (ಫಲಿತಾಂಶ − ನಿರೀಕ್ಷೆ). ಫಲಿತಾಂಶ ಸರಿಗೆ 1, ತಪ್ಪಿಗೆ 0. ತೂಕ ಅಂದರೆ ಒಂದು ಉತ್ತರಕ್ಕೆ ಅಂಕಿ ಎಷ್ಟು ಅಲುಗಾಡಬೇಕು ಅನ್ನೋದು. ಉದಾಹರಣೆಗೆ ಸಾಮರ್ಥ್ಯ, ಕಠಿಣತೆ ಎರಡೂ 0, ತೂಕ 0.4 ಅನ್ನಿ. ನಿರೀಕ್ಷೆ 0.625. ಸರಿ ಮಾಡಿದರೆ ಮಗು 0.15 ಏರುತ್ತೆ, ತಪ್ಪಿದರೆ 0.25 ಇಳಿಯುತ್ತೆ. ಊಹೆಯ ಪಾಲನ್ನ ಲೆಕ್ಕಕ್ಕೆ ಹಿಡಿದಿರೋದ್ರಿಂದ ಏರಿಕೆ ಕಮ್ಮಿ, ಇಳಿಕೆ ಜಾಸ್ತಿ. ಆ 0.25 ಬಿಟ್ಟುಬಿಟ್ಟರೆ ಕಣ್ಣುಮುಚ್ಚಿ ಮುಟ್ಟೋ ಮಗುವಿನ ಅಂಕಿಯೂ ಇರಬೇಕಾದ್ದಕ್ಕಿಂತ ಮೇಲೇ ನಿಲ್ಲುತ್ತೆ.

ತೂಕ ಸ್ಥಿರವಾಗಿರಬಾರದು. 1 ÷ (1 + 0.05 × ಈವರೆಗಿನ ಉತ್ತರಗಳು) ಅಂತ ಇಟ್ಟರೆ ಮೊದಲ ಉತ್ತರಕ್ಕೆ 1, 10 ಉತ್ತರದ ನಂತರ 0.67, 100ರ ನಂತರ 0.17. ಹೊಸ ಮಗುವನ್ನ ಬೇಗ ಅಳೆಯುತ್ತೆ, ಹಳೇ ಮಗುವಿನ ಅಂಕಿ ಒಂದು ಕೆಟ್ಟ ದಿನಕ್ಕೆ ಕುಸಿಯಲ್ಲ. ಆದರೆ ಪೂರಾ ಸೊನ್ನೆಗೆ ಇಳಿಯೋಕೆ ಬಿಡಬೇಡಿ, 0.1ಕ್ಕೆ ತಡೆ ಹಾಕಿ. ಮಗು ಕಲೀತಾ ಇರುತ್ತಲ್ಲ, ಅಂಕಿಯೂ ಜೊತೆಗೆ ಓಡಬೇಕು.

ಟ್ಯಾಬ್‌ಗಾರ:
ಹಾಗಾದರೆ ಪ್ರಶ್ನೆ ಆರಿಸೋದು ಹೇಗೆ? ಎಷ್ಟು ಸರಿ ಬರೋ ಹಾಗೆ ಗುರಿ ಇಡಬೇಕು? ನೂರಕ್ಕೆ 85 ಅಂತ ಎಲ್ಲೋ ಓದಿದ ನೆನಪು.

ಎಣಿಕೆಮನೆ:
ಆ 85 ಬಂದಿದ್ದು 2019ರ ಒಂದು ಗಣಿತದ ವಿಶ್ಲೇಷಣೆಯಿಂದ. ಎರಡರಲ್ಲಿ ಒಂದನ್ನ ಗುರುತಿಸೋ ಕೆಲಸವನ್ನ ಯಂತ್ರ ಒಂದು ನಿರ್ದಿಷ್ಟ ರೀತಿಯಲ್ಲಿ ಕಲಿಯುವಾಗ, ತಪ್ಪಿನ ಪ್ರಮಾಣ 15.87 ಇದ್ದರೆ ಕಲಿಕೆ ಅತಿ ವೇಗ ಅಂತ. ಒಂದನೇ ತರಗತಿ ಮಗುವಿಗೆ ಅದನ್ನ ಶಾಸನ ಮಾಡಬೇಡಿ. ರೇಕನ್‌ಟೌನ್‌ನಲ್ಲಿ ಸುಲಭ, ಮಧ್ಯಮ, ಕಷ್ಟ ಅಂತ ಮೂರು ಆಯ್ಕೆ ಕೊಟ್ಟು 90, 75, 60 ಇಟ್ಟಿದ್ದಾರೆ. ಲೆಕ್ಕದಲ್ಲಿ ತೊಡಕಿರೋ ಮಕ್ಕಳಿಗಾಗಿ ಫ್ರಾನ್ಸ್‌ನಲ್ಲಿ ಸ್ಟಾನಿಸ್ಲಾಸ್ ಡೆಹೇನ್ ತಂಡ ಮಾಡಿದ ‘ನಂಬರ್ ರೇಸ್’ 75ಕ್ಕೆ ಗುರಿ ಇಟ್ಟಿತ್ತು.

ನಿಮಗೆ 80 ಇಟ್ಟುಕೊಳ್ಳಿ. ನಾಲ್ಕು ಆಯ್ಕೆಗೆ 80 ಬರಬೇಕಾದರೆ ಪ್ರಶ್ನೆಯ ಕಠಿಣತೆ ಮಗುವಿನ ಸಾಮರ್ಥ್ಯಕ್ಕಿಂತ ಸುಮಾರು 1.0 ಕೆಳಗಿರಬೇಕು. ಎರಡೇ ಆಯ್ಕೆ ಇದ್ದರೆ 0.4 ಕೆಳಗಿದ್ದರೆ ಸಾಕು, ಯಾಕಂದ್ರೆ ಅರ್ಧ ಉತ್ತರ ಊಹೆಯೇ ಕೊಟ್ಟಿರುತ್ತೆ. ಸರಿಯಾಗಿ 1.0 ಇರೋ ಒಂದೇ ಪ್ರಶ್ನೆ ಎತ್ತಬೇಡಿ. 0.7ರಿಂದ 1.3ರ ನಡುವೆ ಸಿಕ್ಕಿದ್ದರಲ್ಲಿ ಚೀಟಿ ಎತ್ತಿದ ಹಾಗೆ ಒಂದು ತಗೊಳ್ಳಿ, ಹಿಂದಿನ ಐದು ಪ್ರಶ್ನೆಯಲ್ಲಿ ಬಂದಿದ್ದನ್ನ ಬಿಡಿ. ಇಲ್ಲದಿದ್ದರೆ ಅದೇ ಮೂರು ಅಕ್ಷರ ಸುತ್ತಿ ಸುತ್ತಿ ಬರುತ್ತೆ.

ನಲಿಕಲಿ_ಮೇಡಂ:
ಅಂಕಿ ಎಲ್ಲಾ ಸರಿ ಸರ್, ಆದರೆ ಯಾವ ಅಕ್ಷರದಿಂದ ಶುರು ಮಾಡ್ತೀರಿ? ಸರ್ಕಾರಿ ಶಾಲೆ ಅಂದರೆ 1–3ರಲ್ಲಿ ನಲಿಕಲಿ, ಚಟುವಟಿಕೆಯಿಂದ ಕಲಿಸೋ ಪದ್ಧತಿ. ಅಲ್ಲಿ ಅ ಆ ಇ ಈ ಸಾಲಲ್ಲಿ ಕಲಿಸಲ್ಲ. ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಐದು ಅಕ್ಷರ ಬಂದ ಕೂಡಲೇ ಪದ ಕಟ್ಟಬಹುದು: ಸರ, ಗರಗಸ, ಅರಸ, ದರ. ನಿಮ್ಮ ಆಟ ವರ್ಣಮಾಲೆ ಹಿಡಿದುಕೊಂಡು ಹೊರಟರೆ ಮಗು ಬೆಳಿಗ್ಗೆ ತರಗತಿಯಲ್ಲಿ ಒಂದು ಕಲಿತು, ಮಧ್ಯಾಹ್ನ ಟ್ಯಾಬ್‌ನಲ್ಲಿ ಇನ್ನೊಂದು ನೋಡುತ್ತೆ.

ಇನ್ನೊಂದು ಮಾತು. ಮಗುವಿನ ವೇಗಕ್ಕೆ ಪಾಠ ಹೊಂದಿಕೊಳ್ಳೋದು ನಲಿಕಲಿಗೆ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದಾಗಿಂದಲೂ ಕಲಿಕಾ ಏಣಿ (ಕಲಿಕೆಯ ಹಂತಗಳ ಪಟ್ಟಿ), ಮೈಲಿಗಲ್ಲು (ಅದರ ಒಂದೊಂದು ಹಂತ), ತಟ್ಟೆಗಳ ಗುಂಪು (ಒಟ್ಟಿಗೆ ಕೂತು ಕಲಿಯೋ ಮಕ್ಕಳು) ಇರೋದೇ ಅದಕ್ಕೆ. ಏಣಿಯಲ್ಲಿ ಮಗು ಎಲ್ಲಿದೆ ಅಂತ ಶಿಕ್ಷಕರಿಗೆ ಗೊತ್ತಿರುತ್ತೆ. ಆ ಮೈಲಿಗಲ್ಲಿನ ಸಂಖ್ಯೆಯನ್ನ ಶುರುವಿನಲ್ಲಿ ಒಂದು ಸಲ ಕೇಳಿ, ಅಲ್ಲಿಂದ ಆರಂಭಿಸಿ. ಮೊದಲ ದಿನವೇ ಇಪ್ಪತ್ತು ಪ್ರಶ್ನೆ ಪರೀಕ್ಷೆ ಇಟ್ಟು ಮಗುವನ್ನ ಹೆದರಿಸೋದು ತಪ್ಪುತ್ತೆ.

ಸಂಖ್ಯಾಗಣಿ:
ಮೇಡಂ ಹೇಳಿದ್ದು ಬಹಳ ಮುಖ್ಯ. ಮೈಲಿಗಲ್ಲನ್ನೇ ಆರಂಭದ ಅಂಕಿಯಾಗಿ ಬಳಸಬಹುದು. ಪ್ರತಿ ಮೈಲಿಗಲ್ಲಿನ ಅಕ್ಷರಗುಂಪಿಗೆ ಕಠಿಣತೆ −2ರಿಂದ +2ರವರೆಗೆ ಸಮ ಅಂತರದಲ್ಲಿ ಕೊಡಿ, ಮಗುವಿಗೆ ಅದರ ಮೈಲಿಗಲ್ಲಿನ ಅಂಕಿ ಕೊಡಿ. ನೂರಾರು ಮಕ್ಕಳ ದಾಖಲೆ ಬಂದ ಮೇಲೆ ಕಠಿಣತೆಯನ್ನ ತಿದ್ದಿದರಾಯ್ತು.

ಆದರೆ ಪ್ರಶ್ನೆಯ ಕಠಿಣತೆಯನ್ನ ಟ್ಯಾಬ್‌ನ ಒಳಗೇ ತಿದ್ದೋಕೆ ಹೋಗಬೇಡಿ. ಐದು ಮಕ್ಕಳ ಉತ್ತರದಿಂದ ತಿದ್ದಿದರೆ ಒಂದೊಂದು ಟ್ಯಾಬ್‌ನಲ್ಲೂ ‘ಠ’ ಒಂದೊಂದು ಕಠಿಣತೆ ಪಡೆಯುತ್ತೆ, ಎರಡು ಟ್ಯಾಬ್‌ನ ಮಕ್ಕಳನ್ನ ಹೋಲಿಸೋಕೆ ಆಗಲ್ಲ. ಟ್ಯಾಬ್‌ನಲ್ಲಿ ಮಗುವಿನ ಅಂಕಿ ಮಾತ್ರ ಓಡಲಿ. ಪ್ರಶ್ನೆಗಳ ಅಂಕಿ ತಿಂಗಳಿಗೊಮ್ಮೆ ಎಲ್ಲಾ ಟ್ಯಾಬ್‌ಗಳ ದಾಖಲೆ ಒಟ್ಟು ಮಾಡಿ, ಹೊರಗೆ ಲೆಕ್ಕ ಹಾಕಿ, ಒಂದು ಚಿಕ್ಕ ಫೈಲಾಗಿ ವಾಪಸ್ ಬರಲಿ.

ಒತ್ತಕ್ಷರ:
ಯಾರೂ ಮೂಲ ಪ್ರಶ್ನೆಗೇ ಬರ್ತಿಲ್ಲ: ಎಷ್ಟು ಅಂಕಿ ಇಡ್ತೀರಿ? 34 ವ್ಯಂಜನ × 13 ಸ್ವರ = 442 ಕಾಗುಣಿತಾಕ್ಷರ. ಒಂದೊಂದಕ್ಕೂ ಬೇರೆ ಬೇರೆ ಅಂಕಿ ಇಟ್ಟರೆ, ದಿನಕ್ಕೆ 50 ಪ್ರಶ್ನೆ ಆಡೋ ಮಗು ಎಲ್ಲವನ್ನೂ ಒಂದೊಂದು ಸಲ ನೋಡಿ ಮುಗಿಸೋಕೇ ಒಂಬತ್ತು ದಿನ. ಒಂದು ಸಲ ನೋಡಿದ್ದರಿಂದ ಏನೂ ಗೊತ್ತಾಗಲ್ಲ. ಪೂರಾ ಒಂದೇ ಅಂಕಿ ಇಟ್ಟರೆ ‘ಮಗು ಕನ್ನಡದಲ್ಲಿ 0.6’ ಅಂತ ಬರುತ್ತೆ. ಅದನ್ನ ಇಟ್ಟುಕೊಂಡು ಶಿಕ್ಷಕರು ಏನು ಮಾಡಬೇಕು?

ಬಿಡಿಸಿ ನೋಡಿ. ಕಾಗುಣಿತ ಅಂದರೆ ವ್ಯಂಜನದ ಆಕಾರ ಮತ್ತು ಅದಕ್ಕೆ ಹತ್ತೋ ಗುರುತು. 34 ವ್ಯಂಜನಕ್ಕೆ 34 ಅಂಕಿ. ತಲಕಟ್ಟು ಬಿಟ್ಟು ಇಳಿ, ಗುಡಿಸು, ಕೊಂಬು, ವಟ್ರುಸುಳಿ, ಏತ್ವ ಅಂತ 12 ಗುರುತಿಗೆ 12. ಇಡೀ ಮಗುವಿಗೆ ಒಂದು. ಇದಿಷ್ಟು 47. ಆಮೇಲೆ ನಿಯಮ ತಪ್ಪಿಸೋ ಅಕ್ಷರಗಳು. ‘ಕಿ, ಗಿ, ದಿ’ ಕಲಿತ ಮಗು ‘ಮಿ, ಯಿ’ ನೋಡಿದಾಗ ತಡವರಿಸುತ್ತೆ, ಗುಡಿಸು ಅಲ್ಲಿ ಬೇರೆ ಥರ ಕೂರುತ್ತೆ. ‘ಕು’ ಬಂದ ಮಗುವಿಗೆ ‘ಪು, ವು’ ಬರಲ್ಲ, ಕೊಂಬು ಅಲ್ಲಿ ಕೆಳಗಿಂದ ಹತ್ತುತ್ತೆ. ಇಂಥ ಹತ್ತಕ್ಕೆ ಹತ್ತು ಅಂಕಿ. ಒಟ್ಟು 57. ಇವು ತುಂಬುತ್ತವೆ, ಇವುಗಳಿಗೆ ಅರ್ಥವೂ ಇದೆ. ‘ಮೀ’ಯ ನಿರೀಕ್ಷೆ ಲೆಕ್ಕ ಹಾಕೋವಾಗ ಮಗುವಿನ ಅಂಕಿ, ‘ಮ’ದ ಅಂಕಿ, ಗುಡಿಸಿನ ದೀರ್ಘದ ಅಂಕಿ ಕೂಡಿಸಿ, ಕಠಿಣತೆ ಕಳೆಯಿರಿ.

ಒತ್ತಕ್ಷರಕ್ಕೆ ಇದೇ ಪಟ್ಟಿಯನ್ನ ಆಮೇಲೆ ಬೆಳೆಸಬಹುದು. ಅಲ್ಲೂ ಎರಡು ಗುಂಪು: ‘ಕ್ಕ, ಗ್ಗ, ಬ್ಬ’ದ ಹಾಗೆ ಮೂಲ ಆಕಾರ ಗುರುತು ಸಿಗೋವು, ತ ನ ಮ ಯ ರ ಲ ಒತ್ತುಗಳ ಹಾಗೆ ಮೂಲಕ್ಕೂ ಒತ್ತಿಗೂ ಹೋಲಿಕೆಯೇ ಇಲ್ಲದವು. ಅರ್ಕಾವೊತ್ತು ಮೂರನೇ ಲೋಕ. ಅದನ್ನ 3ನೇ ತರಗತಿಗೆ ಮೊದಲು ತರಲೇಬೇಡಿ.

ಎಣಿಕೆಮನೆ:
ಒಪ್ಪಿದೆ. ಒಂದು ತೊಡಕು ಮಾತ್ರ ಉಳಿಯುತ್ತೆ. ಮಗು ‘ಮೀ’ ತಪ್ಪಿದರೆ ಯಾರನ್ನ ದೂರೋದು? ‘ಮ’ನಾ, ದೀರ್ಘನಾ?

ಒತ್ತಕ್ಷರ:
ಮಗು ಏನನ್ನ ಮುಟ್ಟಿತು ಅನ್ನೋದೇ ಹೇಳುತ್ತೆ, ಆಯ್ಕೆಗಳನ್ನ ಸರಿಯಾಗಿ ಇಟ್ಟಿದ್ದರೆ. ನಾಲ್ಕು ಆಯ್ಕೆಯನ್ನ ಎರಡು ಎರಡರ ಮನೆಯಾಗಿ ಕಟ್ಟಿ: ಮೀ, ಮಿ, ವೀ, ವಿ. ಎರಡು ವ್ಯಂಜನ, ಎರಡು ಗುರುತು. ‘ಮಿ’ ಮುಟ್ಟಿದರೆ ವ್ಯಂಜನ ಗೊತ್ತು, ದೀರ್ಘ ಗೊತ್ತಿಲ್ಲ. ‘ವೀ’ ಮುಟ್ಟಿದರೆ ದೀರ್ಘ ಗೊತ್ತು, ಮ–ವ ಕಲಸಿಹೋಗಿದೆ. ‘ವಿ’ ಮುಟ್ಟಿದರೆ ಎರಡೂ ಇಲ್ಲ, ಅಥವಾ ಮಗು ಕಿಟಕಿ ನೋಡ್ತಿದೆ. ಒಂದೇ ಮುಟ್ಟಿಗೆ ಎರಡು ಅಂಕಿಗೂ ಸುದ್ದಿ ಸಿಗುತ್ತೆ.

ಇದರಲ್ಲಿ ಇನ್ನೊಂದು ಲಾಭ ಇದೆ. ಸಾಮಾನ್ಯವಾಗಿ ಮಾಡೋದು ಮೀ, ಮಿ, ವೀ, ಕಾ ಅಂತ. ಅಲ್ಲಿ ಮಿಕ್ಕವುಗಳ ಜೊತೆ ಅತಿ ಹೆಚ್ಚು ಹೋಲೋದು ಸರಿಯುತ್ತರವೇ. ದನಿ ಕೇಳದೇನೇ ಚೂಟಿ ಮಗು ಅದನ್ನ ಕಂಡುಹಿಡಿಯುತ್ತೆ. ಎರಡೆರಡರ ಮನೆಯಲ್ಲಿ ನಾಲ್ಕೂ ಸಮ, ಸುಳಿವೇ ಇಲ್ಲ.

ಎಣಿಕೆಮನೆ:
ಇದು ಚೆನ್ನಾಗಿದೆ. ಹಾಗೆ ಮಾಡಿದರೆ ಲೆಕ್ಕವೂ ಬದಲಾಗುತ್ತೆ, ಬರೆದಿಟ್ಟುಕೊಳ್ಳಿ ಟ್ಯಾಬ್‌ಗಾರರೇ. ಪ್ರತಿ ಅರ್ಧವೂ ಎರಡು ಆಯ್ಕೆಯ ಪ್ರಶ್ನೆ, ಅಂದರೆ ಊಹೆಯ ಪಾಲು 0.25 ಅಲ್ಲ, 0.5. ವ್ಯಂಜನಕ್ಕೊಂದು ನಿರೀಕ್ಷೆ, ಗುರುತಿಗೊಂದು ನಿರೀಕ್ಷೆ, ಎರಡನ್ನೂ ಬೇರೆ ಬೇರೆ ತಿದ್ದಿ. ಇಡೀ ಉತ್ತರ 80 ಸರಿ ಬರಬೇಕಾದರೆ ಒಂದೊಂದು ಅರ್ಧವೂ ಸುಮಾರು 89 ಸರಿ ಬರಬೇಕು. ಹಾಗಾಗಿ ಅಂತರ 0.4 ಅಲ್ಲ, 1.3ರ ಸುತ್ತ.

ಟ್ಯಾಬ್‌ಗಾರ:
‘ಇದು ಬಂತು, ಮುಂದಕ್ಕೆ ಹೋಗು’ ಅಂತ ಯಾವಾಗ ತೀರ್ಮಾನಿಸೋದು? ಮೂರು ಸಲ ಸರಿ ಅಂದರೆ ಸಾಕಾ?

ಸಂಖ್ಯಾಗಣಿ:
ಅದಕ್ಕೆ ಬೇಸಿಯನ್ ನಾಲೆಜ್ ಟ್ರೇಸಿಂಗ್ ನೋಡಿ. ಕಾರ್ನೆಗಿ ಮೆಲನ್‌ನ ಕಾರ್ಬೆಟ್, ಆಂಡರ್ಸನ್ 1990ರ ದಶಕದಲ್ಲಿ ಕೊಟ್ಟಿದ್ದು. ನಾಲ್ಕೇ ಅಂಕಿ: ಮೊದಲೇ ಗೊತ್ತಿರೋ ಸಾಧ್ಯತೆ, ಒಂದು ಪ್ರಯತ್ನದಲ್ಲಿ ಕಲಿಯೋ ಸಾಧ್ಯತೆ, ಗೊತ್ತಿದ್ದೂ ಜಾರೋದು, ಗೊತ್ತಿಲ್ಲದೆ ಊಹಿಸೋದು. 0.2, 0.15, 0.1, 0.25 ಇಟ್ಟು ಕೈಲೆಕ್ಕ ಮಾಡಿ. ಮೊದಲ ಸರಿಯುತ್ತರಕ್ಕೆ 0.2 ಇದ್ದದ್ದು 0.55 ಆಗುತ್ತೆ, ಎರಡನೇದಕ್ಕೆ 0.84, ಮೂರನೇದಕ್ಕೆ 0.96. ‘ಬಂತು’ ಅನ್ನೋ ಗೆರೆ ಸಾಮಾನ್ಯವಾಗಿ 0.95. ಮೂರಕ್ಕೇ ದಾಟಿತು.

ಊಹೆ 0.5 ಇರೋ ಎರಡು ಆಯ್ಕೆಯ ಪ್ರಶ್ನೆಗೆ ಇದೇ ಲೆಕ್ಕ ಹಾಕಿದರೆ 0.41, 0.63, 0.79, 0.89, 0.945, ಆರನೇದಕ್ಕೆ 0.97. ಆರು ಬೇಕು. ಗಮನಿಸಿ, ನಾಲ್ಕರಲ್ಲಿ ಒಂದನ್ನ ಮೂರು ಸಲ ಬರೀ ಅದೃಷ್ಟದಿಂದ ಮುಟ್ಟೋ ಸಾಧ್ಯತೆ 64ಕ್ಕೆ 1. ಎರಡರಲ್ಲಿ ಒಂದನ್ನ ಆರು ಸಲ ಮುಟ್ಟೋದೂ 64ಕ್ಕೆ 1. ‘ಮೂರು ಸಲ ಸರಿಯಾದರೆ ಸಾಕು’ ಅಂತ ಎಲ್ಲಾ ಕಡೆ ಒಂದೇ ನಿಯಮ ಬರೆದಿಟ್ಟರೆ ಎರಡಾಯ್ಕೆಯ ಮಟ್ಟದಲ್ಲಿ ಎಂಟರಲ್ಲಿ ಒಂದು ಮಗು ಏನೂ ಕಲಿಯದೆ ದಾಟಿಹೋಗುತ್ತೆ.

ಆರೂ ಒಂದೇ ದಿನ ಬರಬಾರದು. ಕೊನೆಯ ಎರಡು ಬೇರೆ ದಿನದ್ದಾಗಿರಲಿ.

ಧ್ವನಿಪೆಟ್ಟಿಗೆ:
ದನಿಯ ಬಗ್ಗೆ ಯಾರೂ ಮಾತಾಡಿಲ್ಲ. ಆಟದ ಅರ್ಧ ಸೋಲು ಅಲ್ಲೇ.

ಒಂಟಿ ಅಕ್ಷರದ ದನಿ ಅರೆ ಸೆಕೆಂಡೂ ಇರಲ್ಲ. ಅಗ್ಗದ ಟ್ಯಾಬ್‌ನ ಸ್ಪೀಕರ್, ಸುತ್ತ ಮೂವತ್ತು ಮಕ್ಕಳ ಗದ್ದಲ. ‘ಮಿ’ಗೂ ‘ಮೀ’ಗೂ ವ್ಯತ್ಯಾಸ ಇರೋದೇ ಉದ್ದದಲ್ಲಿ. ಮಗು ಕೇಳಿಸಿಕೊಂಡಿಲ್ಲ ಅಂದರೆ ಲೆಕ್ಕಾಚಾರ ‘ಗೊತ್ತಿಲ್ಲ’ ಅಂತ ಬರ್ಕೊಳ್ಳುತ್ತೆ. ‘ಮೀ... ಮೀನು... ಮೀ’ ಅಂತ ಪದದ ಜೊತೆ ರೆಕಾರ್ಡ್ ಮಾಡಿ, ಮಧ್ಯೆ ಅರ್ಧ ಸೆಕೆಂಡ್ ಬಿಡುವು. ಮೋನೋ ಸಾಕು, ಚಿಕ್ಕ ದನಿ ಫೈಲಿನ ರೂಪವಾದ ಆಗ್ ವಾರ್ಬಿಸ್‌ನಲ್ಲಿ ಇಡಿ. ಎಲ್ಲಾ ದನಿಗಳ ಮಟ್ಟ ಒಂದೇ ಇರಲಿ. ಮತ್ತೆ ಕೇಳೋ ಬಟನ್ ದೊಡ್ಡದಿರಲಿ, ಅದನ್ನ ಒತ್ತಿದ್ದಕ್ಕೆ ಅಂಕ ಕಳೀಬೇಡಿ. ಎಷ್ಟು ಸಲ ಒತ್ತಿತು ಅಂತ ದಾಖಲಿಸಿ ಮಾತ್ರ. ಉತ್ತರಕ್ಕೆ ತಗೊಂಡ ಸಮಯವನ್ನ ದನಿ ಮುಗಿದಲ್ಲಿಂದ ಎಣಿಸಿ, ಶುರುವಿಂದ ಅಲ್ಲ.

ಮಹಾಪ್ರಾಣ ಇನ್ನೊಂದು ಗುಂಡಿ. ದಿನದ ಮಾತಲ್ಲಿ ಬ–ಭ, ದ–ಧ ಬಹುತೇಕ ಒಂದೇ. ಮನೆಯಲ್ಲಿ ‘ಬತ್ತ’ ಅನ್ನೋ ಮಗುವಿಗೆ ‘ಭ’ ದನಿ ಕೇಳಿಸಿ ಬ, ಭ ಎರಡನ್ನೂ ಮುಂದಿಟ್ಟರೆ ಅದು ಓದಿನ ಪರೀಕ್ಷೆ ಅಲ್ಲ, ಉಚ್ಚಾರಣೆಯ ಪರೀಕ್ಷೆ. ಹಳೇ ಮೈಸೂರು ಕಡೆ ‘ಹಾಲು’ ‘ಆಲು’ ಆಗೋ ಕಡೆ ಹ–ಅ ಜೋಡಿಯೂ ಹಾಗೇ. ಶ–ಷ ಅಂತೂ ಕೇಳಲೇಬೇಡಿ. ಇಂಥ ಜೋಡಿಗಳನ್ನ ದನಿಯಿಂದ ಕೇಳದೆ ಚಿತ್ರ–ಪದದಿಂದ ಕೇಳಿ: ಭತ್ತದ ತೆನೆಯ ಚಿತ್ರ, ಕೆಳಗೆ ‘_ತ್ತ’. ಇವುಗಳ ಅಂಕಿ ಮಗುವಿನ ಒಟ್ಟು ಅಂಕಿಯನ್ನ ಎಳೆಯದ ಹಾಗೆ ಬೇರೆ ಇಡಿ.

ನಲಿಕಲಿ_ಮೇಡಂ:
ಧ್ವನಿಪೆಟ್ಟಿಗೆಯವರಿಗೆ ನೂರು ನಮಸ್ಕಾರ. ಈ ಹ–ಅ ಜೋಡಿಗೆ ಮಕ್ಕಳನ್ನ ‘ದಡ್ಡ’ ಅನ್ನೋ ಆ್ಯಪ್‌ಗಳನ್ನ ನೋಡಿ ಸಾಕಾಗಿದೆ.

ಅಂಗೈಆಟ:
ಆಟದ ಕಡೆಯಿಂದ ಎರಡು ಮಾತು. ಈಗಿನ ವಿನ್ಯಾಸದಲ್ಲಿ ಆಟವೇ ಇಲ್ಲ. ಪ್ರಶ್ನೆಪತ್ರಿಕೆಗೆ ಬಣ್ಣ ಬಳಿದ ಹಾಗಿದೆ. ಕಲಿಯೋ ಸಂಗತಿಯೇ ಆಟದ ಕ್ರಿಯೆ ಆಗಬೇಕು. ಭಾಗಾಕಾರ ಕಲಿಸೋ ‘ಝೋಂಬಿ ಡಿವಿಷನ್’ನ ಎರಡು ರೂಪ ಮಾಡಿ ಮಕ್ಕಳ ಮೇಲೆ ನೋಡಿದ್ದಾರೆ. ಅಸ್ಥಿಪಂಜರದ ಎದೆ ಮೇಲಿನ ಸಂಖ್ಯೆಯನ್ನ ಭಾಗಿಸೋ ಆಯುಧ ಆರಿಸಿ ಹೊಡೆಯೋದು ಒಂದು. ಬರೀ ಹೊಡೆದಾಟ ಆಡಿಸಿ, ಹಂತದ ಕೊನೆಗೆ ಲೆಕ್ಕ ಕೇಳೋದು ಇನ್ನೊಂದು. 2011ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲನೇದರಲ್ಲಿ ಮಕ್ಕಳು ಹೆಚ್ಚು ಕಲಿತರು.

ಕಾಗುಣಿತಕ್ಕೆ ಇದು ಕೈಗೆ ಸಿಕ್ಕ ಹಾಗಿದೆ. ವ್ಯಂಜನ ಒಂದು ಕಡೆ, ಗುರುತುಗಳು ಒಂದು ಕಡೆ. ಗುಡಿಸನ್ನ ಎಳೆದು ‘ಕ’ದ ಮೇಲಿಟ್ಟರೆ ಕಣ್ಣೆದುರೇ ‘ಕಿ’ ಆಗಬೇಕು, ದನಿಯೂ ಬರಬೇಕು. ‘ಮ’ದ ಮೇಲಿಟ್ಟಾಗ ಗುಡಿಸು ಬೇರೆ ಥರ ಕೂರೋದನ್ನ ಮಗು ತಾನೇ ನೋಡುತ್ತೆ. ಮುಟ್ಟಿ ಆರಿಸೋದು ಅಳೆಯೋಕೆ ಇರಲಿ, ಕಟ್ಟೋದು ಕಲಿಸೋಕೆ. ಕಟ್ಟೋದರಲ್ಲಿ ಊಹೆಯ ಪಾಲೂ ಕಮ್ಮಿ.

ಬಹುಮಾನದಲ್ಲಿ ಒಂದು ಬಲೆ ಇದೆ. ತಪ್ಪಿದರೆ ಸುಲಭ ಪ್ರಶ್ನೆ, ಸರಿಯುತ್ತರಕ್ಕೊಂದು ನಾಣ್ಯ ಅಂತ ಇಟ್ಟರೆ, ಬೇಕಂತಲೇ ಎರಡು ತಪ್ಪು ಮಾಡಿ ಆಮೇಲೆ ಹತ್ತು ಸುಲಭದ್ದು ಬಾಚೋದನ್ನ ಮಕ್ಕಳು ಬೇಗ ಕಂಡುಕೊಳ್ತಾರೆ. ನಾಣ್ಯ ಪ್ರಶ್ನೆಯ ಕಠಿಣತೆಗೆ ತಕ್ಕಂತಿರಲಿ, ಕಷ್ಟದ್ದಕ್ಕೆ ಮೂರು, ಸುಲಭಕ್ಕೆ ಒಂದು. ಮಟ್ಟದ ಸಂಖ್ಯೆ ತೆರೆಯ ಮೇಲೆ ಬೇಡ. ‘ನೀನಿನ್ನೂ 4ನೇದರಲ್ಲಿದ್ದೀಯಾ’ ಅಂತ ಪಕ್ಕದವನು ಅಂದರೆ ಮುಗೀತು. ಸಮಯದ ಒತ್ತಡವೂ ಬೇಡ. ರೇಕನ್‌ಟೌನ್‌ನಲ್ಲಿ ಸೆಕೆಂಡಿಗೊಂದು ನಾಣ್ಯ ಮಾಯವಾಗುತ್ತೆ, ತಪ್ಪಾದರೆ ಉಳಿದಷ್ಟೂ ಕಳೆಯುತ್ತೆ. ಕೂಡೋದು, ಕಳೆಯೋದು ರೂಢಿಯಾಗೋಕೆ ಅದು ಸರಿ, ಅಕ್ಷರವನ್ನ ಮೊದಲ ಸಲ ನೋಡ್ತಿರೋ ಮಗುವಿಗೆ ಅಲ್ಲ.

ಟ್ಯಾಬ್‌ಗಾರ:
ಎಂಜಿನ್?

ಒತ್ತಕ್ಷರ:
ಗೊಡೋ 4. ಗೊಡೋ 3ರಲ್ಲಿ ಕನ್ನಡ ಒತ್ತು ಸರಿಯಾಗಿ ಕೂರಲ್ಲ. 2023ರಲ್ಲಿ ಬಂದ 4.0ರಿಂದ ಹಾರ್ಫ್‌ಬಝ್ ಅನ್ನೋ ಅಕ್ಷರ ಜೋಡಿಸೋ ತಂತ್ರಾಂಶ ಒಳಗೇ ಇದೆ, ಕನ್ನಡ ನೆಟ್ಟಗೆ ಬರುತ್ತೆ. ಯೂನಿಟಿಯ ಟೆಕ್ಸ್ಟ್‌ಮೆಶ್ ಪ್ರೋ (ಅಕ್ಷರ ತೋರಿಸೋ ಸಾಧನ) ತಾನಾಗಿ ಭಾರತೀಯ ಲಿಪಿ ಜೋಡಿಸಲ್ಲ. ‘ಕ್ತ’ ಬರೆದರೆ ‘ಕ್’ ಬೇರೆ ‘ತ’ ಬೇರೆ ನಿಲ್ಲುತ್ತೆ. ಯೂನಿಟಿಯೇ ಬೇಕು ಅಂದರೆ ಅಕ್ಷರಗಳನ್ನ ಚಿತ್ರವಾಗಿ ಮಾಡಿಟ್ಟುಕೊಳ್ಳಿ.

ಎರಡು ಎಚ್ಚರ. ‘ೊ’ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರಬಹುದು, ‘ೆ’ ಮತ್ತು ‘ೂ’ ಎರಡಾಗಿಯೂ ಬರಬಹುದು. ‘ೀ, ೇ, ೈ, ೋ’ ಕೂಡ ಹಾಗೇ. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಮಗು ಎಳೆದು ಕಟ್ಟಿದ್ದನ್ನ ಸರಿಯುತ್ತರದ ಜೊತೆ ಹೋಲಿಸೋ ಮೊದಲು ಎರಡನ್ನೂ ಎನ್‌ಎಫ್‌ಸಿ ಅನ್ನೋ ಒಂದೇ ಸಂಕೇತದ ರೂಪಕ್ಕೆ ತನ್ನಿ, ಇಲ್ಲದಿದ್ದರೆ ಸರಿ ಮಾಡಿದ ಮಗುವಿಗೆ ತಪ್ಪು ಬೀಳುತ್ತೆ. ಎರಡನೇದು, ಶಾಲೆಗಳಿಂದ ಬರೋ ಪದಪಟ್ಟಿ ಎಷ್ಟೋ ಸಲ ಹಳೇ ನುಡಿ ಅಥವಾ ಬರಹ ಫಾಂಟ್‌ನಲ್ಲಿರುತ್ತೆ, ಯೂನಿಕೋಡ್ ಅಲ್ಲ. ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಇರೋ ಪದಗಳನ್ನ ಕಣ್ಣಾರೆ ನೋಡಿ, ಅಲ್ಲೇ ಜಾಸ್ತಿ ಕೆಡೋದು.

ಸಂಖ್ಯಾಗಣಿ:
ದಾಖಲೆಯಲ್ಲಿ ಏನೇನಿರಬೇಕು ಅಂತ ಈಗಲೇ ಗಟ್ಟಿ ಮಾಡಿಕೊಳ್ಳಿ. ಆಮೇಲೆ ಸೇರಿಸಿದರೆ ಹಳೇದು ಉಪಯೋಗಕ್ಕೆ ಬರಲ್ಲ. ಪ್ರತಿ ಮುಟ್ಟಿಗೂ ಒಂದು ಸಾಲು: ಮಗುವಿನ ಗುರುತು, ಗಳಿಗೆ, ಕೇಳಿದ ಅಕ್ಷರ, ತೋರಿಸಿದ ನಾಲ್ಕೂ ಮತ್ತು ಅವು ಇದ್ದ ಜಾಗ, ಮುಟ್ಟಿದ್ದು, ಮಿಲಿಸೆಕೆಂಡ್, ಮತ್ತೆ ಕೇಳಿದ ಸಲ, ಆ ಹೊತ್ತಿನ ನಿರೀಕ್ಷೆ, ಆವೃತ್ತಿಯ ಸಂಖ್ಯೆ. ಸಾಲಿಗೆ 150 ಬೈಟ್ ಅಂದರೂ ದಿನಕ್ಕೆ 50 ಉತ್ತರ, 200 ಶಾಲಾದಿನಕ್ಕೆ ಮಗುವಿಗೆ ಒಂದೂವರೆ ಎಂಬಿ. ಜಾಗದ ಚಿಂತೆ ಬೇಡ.

ಜಾಗ ಯಾಕೆ ಬರೀಬೇಕು ಅಂದರೆ, ಕೆಲವು ಮಕ್ಕಳು ಬಲಗೆಳಗಿನ ಮೂಲೆಯನ್ನೇ ಮುಟ್ಟುತ್ತಾ ಹೋಗ್ತಾರೆ, ಕೈ ಅಲ್ಲಿರುತ್ತೆ ಅಷ್ಟೇ. ಸತತ ಆರು ಸಲ ಒಂದೇ ಜಾಗ, ಅಥವಾ ದನಿ ಮುಗಿದು 400 ಮಿಲಿಸೆಕೆಂಡ್ ಒಳಗೆ ಉತ್ತರ ಬಂದರೆ ಅಂಕಿ ತಿದ್ದಬೇಡಿ. ಪ್ರಶ್ನೆ ನಿಲ್ಲಿಸಿ, ಕಟ್ಟೋ ಆಟಕ್ಕೆ ಕಳಿಸಿ.

ನಲಿಕಲಿ_ಮೇಡಂ:
ಒಂದು ಟ್ಯಾಬ್‌ಗೆ ಐದು ಮಕ್ಕಳು ಅಂದಿರಿ. ಒಬ್ಬರ ಹೆಸರಲ್ಲಿ ಇನ್ನೊಬ್ಬರು ಆಡೋದು, ಗೊತ್ತಿರೋನು ಪಕ್ಕದಿಂದ ಕೈ ಹಾಕೋದು ಖಂಡಿತ. ಅದಕ್ಕೇನು?

ಎಣಿಕೆಮನೆ:
ಹೆಸರಿನ ಬದಲು ಪ್ರಾಣಿಯ ಚಿತ್ರ ಮುಟ್ಟಿ ಒಳಗೆ ಬರಲಿ. ಮೊದಲ ನಾಲ್ಕು ಪ್ರಶ್ನೆ ಆ ಮಗುವಿಗೆ 95ರ ಮೇಲೆ ನಿರೀಕ್ಷೆ ಇರೋವೇ ಆಗಿರಲಿ. ನಾಲ್ಕರಲ್ಲಿ ಎರಡು ತಪ್ಪಿದರೆ ‘ನೀನು ನವಿಲಾ?’ ಅಂತ ಮತ್ತೆ ಕೇಳಿ. ಆಗಲೂ ಹೌದು ಅಂದು, ತಪ್ಪುತ್ತಾ ಹೋದರೆ ಆ ದಿನದ ಸಾಲುಗಳಿಗೆ ಅನುಮಾನದ ಗುರುತು ಹಾಕಿ, ತೂಕ ಕಾಲುಭಾಗ ಮಾಡಿ. ಮೊದಲ ನಾಲ್ಕು ಸುಲಭ ಇದ್ದರೆ ಮಗುವಿಗೂ ಒಳ್ಳೇದೇ, ಗೆದ್ದು ಶುರು ಮಾಡುತ್ತೆ.

ಮಗುವಿನ ಪೂರ್ತಿ ಹೆಸರು, ಫೋಟೋ ಟ್ಯಾಬ್‌ನಲ್ಲಿ ಇಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ವಿಷಯದಲ್ಲಿ ಪೋಷಕರ ಒಪ್ಪಿಗೆ ಕೇಳುತ್ತೆ. ಯಾವ ಚಿತ್ರ ಯಾವ ಮಗು ಅನ್ನೋ ಪಟ್ಟಿ ಶಿಕ್ಷಕರ ಹಾಜರಿ ಪುಸ್ತಕದಲ್ಲಿ ಇರಲಿ.

ಅಂಗೈಆಟ:
ರಜೆ ಮರೀಬೇಡಿ. ದಸರಾ ರಜೆ ಮುಗಿಸಿ ಬಂದ ಮಗುವಿನ ಮುಂದೆ ರಜೆಗೆ ಮುಂಚಿನ ಮಟ್ಟ ಇಟ್ಟರೆ ಮೊದಲ ಹತ್ತು ಪ್ರಶ್ನೆಯೂ ತಪ್ಪೇ.

ಸಂಖ್ಯಾಗಣಿ:
ಹೌದು, ಅದಕ್ಕೆ ಅರ್ಧಾಯುಷ್ಯದ ಲೆಕ್ಕ ಸಾಕು. ಪ್ರತಿ ಕೌಶಲಕ್ಕೂ ಎಷ್ಟು ದಿನಕ್ಕೆ ನೆನಪು ಅರ್ಧ ಆಗುತ್ತೆ ಅಂತ ಒಂದು ಅಂಕಿ. ಶುರುವಿಗೆ 1 ದಿನ, ಬೇರೆ ದಿನ ಕೇಳಿದಾಗ ಸರಿ ಬಂದರೆ ಎರಡರಷ್ಟು, ತಪ್ಪಿದರೆ ಅರ್ಧ, 1ಕ್ಕಿಂತ ಕೆಳಗೆ ಬೇಡ. 8 ದಿನದ ಅರ್ಧಾಯುಷ್ಯ ಇರೋ ಅಕ್ಷರವನ್ನ 16 ದಿನ ಬಿಟ್ಟು ಕೇಳಿದರೆ ನೆನಪಿರೋ ಸಾಧ್ಯತೆ ಕಾಲುಭಾಗ. ಅಂಥವನ್ನ ಪುನರಾವರ್ತನೆಗೆ ತನ್ನಿ, ದಿನದ ಪ್ರಶ್ನೆಗಳಲ್ಲಿ ಮೂರನೇ ಒಂದು ಭಾಗ ಹಳೇದಕ್ಕೇ ಇರಲಿ. ಶಿಕ್ಷಕರ ಪಟ್ಟಿಯಲ್ಲಿ ಮಾತ್ರ ‘ಕೆಳಗಿಳಿದಿದೆ’ ಅಂತ ತೋರಿಸಬೇಡಿ, ‘ನೆನಪಿಸಬೇಕು’ ಅನ್ನಿ.

ಟ್ಯಾಬ್‌ಗಾರ:
ಶಿಕ್ಷಕರಿಗೆ ಏನು ತೋರಿಸೋದು? ನೂರಕ್ಕೆ ಎಷ್ಟು ಸರಿ ಅಂತ ಒಂದು ಪಟ್ಟಿ ಸಿದ್ಧವಾಗಿದೆ.

ಎಣಿಕೆಮನೆ:
ಅದನ್ನ ತೆಗೀರಿ. ಆಟ ಎಲ್ಲರನ್ನೂ 80ರಲ್ಲಿ ಹಿಡಿದಿಡೋಕೇ ಇರೋದು. ಸರಿಯಾಗಿ ಕೆಲಸ ಮಾಡಿದರೆ ತರಗತಿಯ ಅತಿ ಮುಂದಿನ ಮಗುವೂ 80, ಅತಿ ಹಿಂದಿನ ಮಗುವೂ 80. ಇದೇ ಕಾರಣಕ್ಕೆ ‘ನಮ್ಮ ಆಟದಲ್ಲಿ ಮಕ್ಕಳು 80 ಅಂಕ ಗಳಿಸಿದರು’ ಅನ್ನೋ ವರದಿಯೂ ಏನನ್ನೂ ಹೇಳಲ್ಲ.

ನಲಿಕಲಿ_ಮೇಡಂ:
ನಮಗೆ ಬೇಕಿರೋದು ಒಂದು ಪುಟ. ಮಗು ಯಾವ ಮೈಲಿಗಲ್ಲಲ್ಲಿದೆ, ಯಾವ ಎರಡು ಅಕ್ಷರ ಕಲಸ್ತಿದೆ, ಅಷ್ಟೇ. ‘ನವಿಲು: ಮ–ವ, ದೀರ್ಘ’, ‘ಮೊಲ: ಪು, ವು’, ‘ಆನೆ: ರ–ಠ’. ಇದನ್ನ ನೋಡಿದರೆ ನಾಳೆ ಯಾವ ಮೂರು ಮಕ್ಕಳನ್ನ ಒಂದೇ ತಟ್ಟೆಗೆ ಕೂರಿಸಬೇಕು ಅಂತ ತಿಳಿಯುತ್ತೆ. ಮತ್ತೆ, ನಾವು ‘ಇದು ಈ ಮಗುವಿಗೆ ಬರುತ್ತೆ’ ಅಂತ ಒತ್ತಿದರೆ ಆಟ ನಮ್ಮ ಮಾತು ಕೇಳಬೇಕು. ಬೀಗ ಹಾಕಿಡಬೇಡಿ.

ಟ್ಯಾಬ್‌ಗಾರ:
ಹಾಗಾದರೆ ಕಲಿತರೋ ಇಲ್ಲವೋ ಅಂತ ಅಳೆಯೋದು ಹೇಗೆ?

ಸಂಖ್ಯಾಗಣಿ:
ಆಟದ ಹೊರಗೆ, ಕಾಗದದ ಮೇಲೆ. ಆಟದಲ್ಲಿ ಬಾರದ 20 ಪದಗಳ ಹಾಳೆ, ಗಟ್ಟಿಯಾಗಿ ಓದಿಸಿ, ಮೊದಲೊಮ್ಮೆ ಮತ್ತು ಮೂರು ತಿಂಗಳ ನಂತರ. ಓದಿಸೋರಿಗೆ ಯಾವ ಮಗು ಯಾವ ಗುಂಪು ಅಂತ ತಿಳಿದಿರಬಾರದು. ‘ಆಟ ಇದ್ದವರು, ಇಲ್ಲದವರು’ ಅಂತ ಹೋಲಿಸಿದರೆ ಟ್ಯಾಬ್‌ನ ಮೋಹವೇ ಗೆಲ್ಲಬಹುದು. ಹೊಂದಿಕೊಳ್ಳೋ ಗುಣದಿಂದಲೇ ಲಾಭ ಆಯ್ತಾ ಅಂತ ತಿಳೀಬೇಕಾದರೆ ಇಬ್ಬಿಬ್ಬರ ಜೋಡಿ ಮಾಡಿ: ಮೊದಲ ಮಗುವಿಗೆ ತಕ್ಕಂತೆ ಬಂದ ಪ್ರಶ್ನೆಗಳ ಸಾಲನ್ನೇ ಇದ್ದಂತೆಯೇ ಎರಡನೇ ಮಗುವಿಗೂ ಕೊಡಿ. ಎರಡನೇ ಮಗು ಅದೇ ಆಟ ಆಡುತ್ತೆ, ಅಷ್ಟೇ ಪ್ರಶ್ನೆ ನೋಡುತ್ತೆ, ಆದರೆ ಅದಕ್ಕೆಂದು ಆರಿಸಿದ್ದಲ್ಲ. ಜೋಡಿಗಳು ಒಂದೇ ಮೈಲಿಗಲ್ಲಿನವರಾಗಿರಲಿ, ಪರೀಕ್ಷೆ ಮುಗಿದ ಮೇಲೆ ಎರಡನೇ ಗುಂಪಿಗೂ ಪೂರ್ತಿ ಆಟ ಕೊಡಿ.

ದೊಡ್ಡ ಮಟ್ಟದಲ್ಲಿ ಇಂಥ ತಂತ್ರಾಂಶದಿಂದ ಲಾಭ ಆಗಿರೋದಕ್ಕೆ ದೆಹಲಿಯ ‘ಮೈಂಡ್‌ಸ್ಪಾರ್ಕ್’ ಅಧ್ಯಯನ ಇದೆ. 2019ರಲ್ಲಿ ಪ್ರಕಟವಾಯ್ತು. ಚೀಟಿ ಎತ್ತಿ ಆರಿಸಿದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37, ಹಿಂದಿಯಲ್ಲಿ 0.23 ಮಾನಕ ವಿಚಲನೆಯಷ್ಟು (ಅಂಕಗಳ ಹರಡಿಕೆಯ ಅಳತೆ) ಮುಂದೆ ಹೋದರು. ಆದರೆ ಅದು ದೊಡ್ಡ ತರಗತಿಯ ಮಕ್ಕಳಿಗೆ, ಶಾಲೆ ಮುಗಿದ ಮೇಲಿನ ಕೇಂದ್ರದಲ್ಲಿ, ಪಕ್ಕದಲ್ಲಿ ಸಣ್ಣ ಗುಂಪಿಗೆ ಕಲಿಸೋರೂ ಇದ್ದರು. ನಿಮ್ಮ 15 ನಿಮಿಷಕ್ಕೆ ಅದೇ ಅಂಕಿ ನಿರೀಕ್ಷಿಸಬೇಡಿ.

ಟ್ಯಾಬ್‌ಗಾರ:
ಮೊದಲ ಆವೃತ್ತಿಗೆ ಹೀಗೆ ಅಂದುಕೊಂಡಿದ್ದೇನೆ: ಗೊಡೋ 4, ರ ಗ ಸ ದ ಅ ಮತ್ತು ಜ ವ ಮ ಬ ನ, ಜೊತೆಗೆ ಇಳಿ, ಗುಡಿಸು, ಗುಡಿಸಿನ ದೀರ್ಘ. ಎರಡೆರಡರ ಮನೆ. ಈಲೋನಾ ಮೆಟ್ಟಿಲಾ ಅನ್ನೋದು ಇನ್ನೂ ಉಳಿದಿದೆ.

ಸಂಖ್ಯಾಗಣಿ:
ಇಷ್ಟು ಚಿಕ್ಕ ಪಟ್ಟಿಗೆ ಮೆಟ್ಟಿಲೇ ಸಾಕು, ವ್ಯಂಜನಕ್ಕೊಂದು, ಗುರುತಿಗೊಂದು, ಎರಡು ಮೆಟ್ಟಿಲು ಓಡಲಿ. ಆದರೆ ಅರ್ಧರ್ಧಕ್ಕೆ 89 ಬೇಕು ಅಂತ ಎಣಿಕೆಮನೆಯವರು ಹೇಳಿದ್ದಾರಲ್ಲ, ಮೂರು ಸರಿಗೆ ಏರಿಸಿದರೆ 79ಕ್ಕೇ ನಿಲ್ಲುತ್ತೆ. ಆರು ಸರಿಗೆ ಏರಿಸಿ, 0.89 ಬರುತ್ತೆ.

ಎಣಿಕೆಮನೆ:
ಸರಿ, ಒಪ್ಪಿದೆ. ದಾಖಲೆಯ ಸಾಲುಗಳು ಮೇಲೆ ಹೇಳಿದ ಹಾಗೇ ಇದ್ದರೆ ಈಲೋ ಅಂಕಿಯನ್ನ ಆಮೇಲೆ ಹಿಂದಿನಿಂದಲೇ ಲೆಕ್ಕ ಹಾಕಬಹುದು. ‘ಜ’ ಜೊತೆ ಜೋಡಿ ಕಟ್ಟೋವಾಗ ನೋಡಿಕೊಳ್ಳಿ, ಈ ಹತ್ತರಲ್ಲಿ ಅದನ್ನ ಹೋಲೋ ಆಕಾರ ಇಲ್ಲ. ಹಾಗಾಗಿ ಅದರ ವ್ಯಂಜನದ ಅರ್ಧ ಮ–ವಗಿಂತ ಯಾವಾಗಲೂ ಸುಲಭವಾಗಿಯೇ ಬರುತ್ತೆ. ಜೋಡಿಗೊಂದು ಕಠಿಣತೆ ಕೊಡಿ, ಬರೀ ಅಕ್ಷರಕ್ಕಲ್ಲ.